ಜಾದೂಗಾರನ ಪರದೆ: ಜಾರ್ಜ್ ಮೆಲಿಯೆಸ್ ಮತ್ತು ನಮ್ಮ ಕಂಪನಿ ನಾಟಕ



ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಂಥ ಊರುಗಳಲ್ಲಿ ಕಂಪನಿ ನಾಟಕ ನೋಡುತ್ತ ಬೆಳೆದ ಹಿರಿಯರಿಗೆ ‘ಟ್ರಾನ್ಸ್‌ಫರ್ ಸೀನು’ ಎಂದರೆ ಏನೆಂದು ವಿವರಿಸಬೇಕಾಗಿಲ್ಲ. ಕಾಡಿನ ಪರದೆಯ ಮುಂದೆ ಋಷಿ ನಿಂತಿರುತ್ತಾನೆ. ದೀಪ ಒಮ್ಮೆ ಮಂಕಾಗುತ್ತದೆ. ರೆಪ್ಪೆ ಬಡಿಯುವಷ್ಟರಲ್ಲಿ ಕಾಡು ಹೋಗಿ ಅರಮನೆ ಬಂದಿರುತ್ತದೆ. ಪೇಟಿಯ ಸದ್ದು, ಸಿಳ್ಳೆ, ಚಪ್ಪಾಳೆ. ಹಿಂದೆ ಹಗ್ಗ ಎಳೆದವರು ಯಾರು, ಪರದೆ ಬರೆದ ಪೇಂಟರ್ ಯಾರು ಎಂದು ಆ ಹೊತ್ತಿನಲ್ಲಿ ಯಾರೂ ಕೇಳುವುದಿಲ್ಲ.

ಇಂದಿನ ನನ್ನ ಮಾತು ಈ ಕಣ್ಕಟ್ಟಿನ ಕಲೆಯನ್ನು ಸಿನೆಮಾದೊಳಗೆ ತಂದ ಫ್ರೆಂಚ್ ಕಲಾವಿದ ಜಾರ್ಜ್ ಮೆಲಿಯೆಸ್‌ನನ್ನು ಕುರಿತದ್ದು. ಎಲ್ಲಿಯ ಪ್ಯಾರಿಸ್, ಎಲ್ಲಿಯ ಗದಗ ಎಂದು ನೀವು ಕೇಳಬಹುದು. ಆತನ ಕಲೆ ನಮ್ಮ ರಂಗಭೂಮಿಯ ಕಲೆಗೆ ದಾಯಾದಿಯಂತಿದೆ ಎಂಬುದು ಒಂದು ಉತ್ತರ. ಆತ ಮಾಡಿದ್ದರಲ್ಲಿ ಹೆಚ್ಚಿನದು ಆತನ ಕಣ್ಣೆದುರಿಗೇ ಹಾಳಾಯಿತು, ಉಳಿದದ್ದು ಬೇರೆಯವರು ಹುಡುಕಿ ಕಾದಿಟ್ಟಿದ್ದರಿಂದ ಉಳಿಯಿತು ಎಂಬುದು ಇನ್ನೊಂದು ಉತ್ತರ. ಈ ಎರಡನೆಯ ಸಂಗತಿ ನಮಗೆ ಪಾಠವೂ ಹೌದು, ಎಚ್ಚರಿಕೆಯೂ ಹೌದು.

ಬೂಟಿನ ಕಾರಖಾನೆಯಿಂದ ಜಾದೂಮನೆಗೆ

ಮೆಲಿಯೆಸ್ ಹುಟ್ಟಿದ್ದು 1861ರ ಡಿಸೆಂಬರ್ 8ರಂದು, ಪ್ಯಾರಿಸಿನಲ್ಲಿ. ತಂದೆಗೆ ಬೂಟು ತಯಾರಿಸುವ ಕಾರಖಾನೆ ಇತ್ತು. ಮೂವರು ಗಂಡುಮಕ್ಕಳಲ್ಲಿ ಈತ ಕಿರಿಯ. ಹುಡುಗನಿಗೆ ಚಿತ್ರ ಬರೆಯುವ, ಗೊಂಬೆ ಆಡಿಸುವ ಗೀಳು. ತಂದೆಗೆ ಮಗ ತಮ್ಮ ದಂಧೆಯನ್ನೇ ಮುಂದುವರಿಸಲಿ ಎಂಬ ಹಟ. ಹಟ ಗೆದ್ದಿತು, ಮಗ ಕಾರಖಾನೆಗೆ ಹೋದ. ಅಲ್ಲಿ ಯಂತ್ರಗಳನ್ನು ಬಿಚ್ಚಿ ಜೋಡಿಸುವುದನ್ನು ಕಲಿತ. ಈ ವಿದ್ಯೆ ಮುಂದೆ ಬಹಳ ಉಪಯೋಗಕ್ಕೆ ಬಂತು.

1884ರಲ್ಲಿ ಇಂಗ್ಲಿಷ್ ಕಲಿತು ಬರಲೆಂದು ಆತನನ್ನು ಲಂಡನ್ನಿಗೆ ಕಳಿಸಿದರು. ಭಾಷೆ ಇನ್ನೂ ಬಾರದವನಿಗೆ ಮಾತಿನ ನಾಟಕ ನೋಡಿ ಏನು ಸುಖ? ಜಾದೂ ಪ್ರದರ್ಶನಕ್ಕೆ ಹೆಸರಾದ ಈಜಿಪ್ಷಿಯನ್ ಹಾಲ್‌ಗೆ ಆತ ಎಡತಾಕತೊಡಗಿದ. ಅಲ್ಲಿ ಮ್ಯಾಸ್ಕೆಲಿನ್ ಎಂಬ ಜಾದೂಗಾರ ಸಣ್ಣಪುಟ್ಟ ಕಥೆಗಳಲ್ಲಿ ಜಾದೂವನ್ನು ಹೆಣೆದು ತೋರಿಸುತ್ತಿದ್ದ. ಜಾದೂ ಎಂದರೆ ಬರಿಯ ಕೈಚಳಕವಲ್ಲ, ಕಥೆಯ ಜೊತೆ ಸೇರಿದರೆ ಅದೂ ನಾಟಕವಾಗುತ್ತದೆ ಎಂದು ಮೆಲಿಯೆಸ್‌ಗೆ ಮನದಟ್ಟಾಯಿತು.

1888ರಲ್ಲಿ ಆತ ಕಾರಖಾನೆಯಲ್ಲಿನ ತನ್ನ ಪಾಲನ್ನು ಅಣ್ಣಂದಿರಿಗೆ ಮಾರಿ, ಆ ಹಣದಿಂದ ಪ್ಯಾರಿಸಿನ ರೋಬೆರ್-ಊದ್ಯಾಂ ಥೇಟರನ್ನು ಕೊಂಡ. ಅದನ್ನು ಕಟ್ಟಿದ ರೋಬೆರ್-ಊದ್ಯಾಂ ಗಡಿಯಾರದ ಕೆಲಸ ಬಲ್ಲವನು; ಜಾದೂವಿದ್ಯೆಗೆ ಹೊಸ ಮರ್ಯಾದೆ ತಂದವನು. ಸುಮಾರು 200 ಜನ ಕೂರಬಹುದಾದ ಆ ಪುಟ್ಟ ರಂಗಮಂದಿರದ ನೆಲದಡಿಯಲ್ಲಿ, ಗೋಡೆಗಳ ಸಂದಿಯಲ್ಲಿ ಕಳ್ಳಬಾಗಿಲು, ರಾಟೆ, ಹಗ್ಗ, ಕನ್ನಡಿಗಳು ತುಂಬಿದ್ದವು. ಮೆಲಿಯೆಸ್ ಅಲ್ಲಿ ಹೊಸ ಹೊಸ ಜಾದೂ ಕಟ್ಟಿದ. ಪರದೆ ತಾನೇ ಬರೆದ, ಉಡುಪಿನ ನಕ್ಷೆ ತಾನೇ ತೆಗೆದ, ನಟರನ್ನು ತಾನೇ ತಿದ್ದಿದ.

ಇದೇ ಕಾಲಕ್ಕೆ ನಮ್ಮ ಕಡೆ ಏನು ನಡೆದಿತ್ತು ಎಂಬುದನ್ನೂ ನೆನೆಯಬೇಕು. ಮೆಲಿಯೆಸ್ ಇನ್ನೂ ಶಾಲೆಯ ಹುಡುಗನಾಗಿದ್ದ 1870ರ ದಶಕದಲ್ಲಿಯೇ ಶಾಂತಕವಿ ಎಂದು ಹೆಸರಾದ ಸಕ್ಕರಿ ಬಾಳಾಚಾರ್ಯರು ಗದಗಿನಲ್ಲಿ ವೀರನಾರಾಯಣ ಪ್ರಸಾದಿತ ಕೃತಪುರ ನಾಟಕ ಮಂಡಳಿಯನ್ನು ಕಟ್ಟಿದ್ದರು. ಕೃತಪುರ ಎಂದರೆ ಗದಗ. ಮರಾಠಿ ನಾಟಕಗಳೇ ಮೆರೆಯುತ್ತಿದ್ದ ದಿನಗಳಲ್ಲಿ ಕನ್ನಡದ ಮಾತು, ಕನ್ನಡದ ಹಾಡು ರಂಗದ ಮೇಲೆ ಕೇಳುವಂತೆ ಮಾಡಿದ ಸಾಹಸವದು. ಮುಂದೆ ಗದಗಿನ ಗರುಡ ಸದಾಶಿವರಾಯರ ದತ್ತಾತ್ರೇಯ ಸಂಗೀತ ನಾಟಕ ಮಂಡಳಿ ಬಂತು. ಶಿರಹಟ್ಟಿ ವೆಂಕೋಬರಾಯರ ಕಂಪನಿ ಬಂತು. ಅಂಧ ಮಕ್ಕಳ ಅನ್ನ-ವಿದ್ಯೆಗಾಗಿ ವೀರೇಶ್ವರ ಪುಣ್ಯಾಶ್ರಮವೂ ನಾಟಕ ಕಂಪನಿ ನಡೆಸಿತು. ಪ್ಯಾರಿಸಿನ ಆ ಪುಟ್ಟ ಥೇಟರಿನ ಒಳಮನೆಗೂ ನಮ್ಮ ಕಂಪನಿಗಳ ಪರದೆಯ ಹಿಂದಿನ ಲೋಕಕ್ಕೂ ಹೋಲಿಕೆ ಬಹಳ. ಅಲ್ಲಿಯೂ ಇಲ್ಲಿಯೂ ಬಡಗಿ, ದರ್ಜಿ, ಪೇಂಟರ್, ದೀಪದವನು ಇವರೆಲ್ಲ ಕೂಡಿ ದುಡಿದರೆ ಮಾತ್ರ ದೇವಲೋಕ ಧರೆಗೆ ಇಳಿಯುತ್ತಿತ್ತು.

ಕೊಡದ ಯಂತ್ರ, ಕಟ್ಟಿಕೊಂಡ ಯಂತ್ರ

1895ರ ಡಿಸೆಂಬರ್ 28. ಪ್ಯಾರಿಸಿನ ಗ್ರಾಂಡ್ ಕೆಫೆಯ ನೆಲಮಾಳಿಗೆಯಲ್ಲಿ ಲೂಮಿಯೇರ್ ಸಹೋದರರು ತಮ್ಮ ಸಿನೆಮಟೋಗ್ರಾಫ್ ಯಂತ್ರದಿಂದ ಚಲಿಸುವ ಚಿತ್ರಗಳನ್ನು ತೋರಿಸಿದರು. ನೋಡಲು ಬಂದವರಲ್ಲಿ ಮೆಲಿಯೆಸ್ ಒಬ್ಬ. ಕಾರಖಾನೆಯಿಂದ ಕೆಲಸಗಾರರು ಹೊರಬರುವುದು, ಮಗುವಿಗೆ ಉಣಿಸುವುದು ಇಂಥ ನಿತ್ಯದ ನೋಟಗಳೇ ಅವು. ಆದರೆ ಬಿಳಿ ಪರದೆಯ ಮೇಲೆ ಗಾಳಿಗೆ ಎಲೆ ಅಲುಗಿದ್ದನ್ನು ಕಂಡು ಜನ ಬೆರಗಾದರು. ಮೆಲಿಯೆಸ್ ಆ ಸಹೋದರರ ತಂದೆ ಆಂತ್ವಾನ್ ಲೂಮಿಯೇರ್ ಬಳಿಗೆ ಹೋಗಿ, ಒಂದು ಯಂತ್ರಕ್ಕೆ 10,000 ಫ್ರಾಂಕ್ ಕೊಡುತ್ತೇನೆ ಎಂದ. ಅವರು ಮಾರಲು ಒಪ್ಪಲಿಲ್ಲ.

ಆತ ಕೈಕಟ್ಟಿ ಕೂಡಲಿಲ್ಲ. ಲಂಡನ್ನಿಗೆ ಹೋಗಿ ರಾಬರ್ಟ್ ಪಾಲ್ ಎಂಬವರಿಂದ ಚಿತ್ರ ತೋರಿಸುವ ಯಂತ್ರವೊಂದನ್ನು ಕೊಂಡು ತಂದು, ಅದನ್ನು ಬಿಚ್ಚಿ, ಅದರ ರೀತಿಯಲ್ಲಿಯೇ ಚಿತ್ರ ತೆಗೆಯುವ ಕ್ಯಾಮರಾ ಮಾಡಿಕೊಂಡ. ಬೂಟಿನ ಕಾರಖಾನೆಯ ವಿದ್ಯೆ ಇಲ್ಲಿ ಕೈಹಿಡಿಯಿತು. 1896ರಲ್ಲಿ ಆತನ ಮೊದಲ ಚಿತ್ರಗಳು ಬಂದವು. ಅದೇ ವರ್ಷ ಜುಲೈ 7ರಂದು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ಲೂಮಿಯೇರ್ ಚಿತ್ರಗಳ ಪ್ರದರ್ಶನವಾಗಿ ಭಾರತಕ್ಕೂ ಸಿನೆಮಾ ಕಾಲಿಟ್ಟಿತು.

ಲೂಮಿಯೇರ್ ಸಹೋದರರು ಕ್ಯಾಮರಾವನ್ನು ಬೀದಿಗೆ ಒಯ್ದರು, ಇದ್ದದ್ದನ್ನು ಇದ್ದಂತೆ ಹಿಡಿದರು. ಮೆಲಿಯೆಸ್ ಕ್ಯಾಮರಾವನ್ನು ರಂಗದ ಮುಂದೆ ಇಟ್ಟ, ಇಲ್ಲದ್ದನ್ನು ಇರುವಂತೆ ಮಾಡಿದ. ಸಿನೆಮಾ ಇಂದಿಗೂ ಈ ಎರಡು ಕಾಲುಗಳ ಮೇಲೆ ನಡೆಯುತ್ತಿದೆ.

ಕೈ ನಿಂತಾಗ ಹುಟ್ಟಿದ ಕಲೆ

ಮೆಲಿಯೆಸ್ ತಾನೇ ಹೇಳಿಕೊಂಡ ಒಂದು ಪ್ರಸಂಗ ಪ್ರಸಿದ್ಧವಾಗಿದೆ. ಪ್ಯಾರಿಸಿನ ಆಪೆರಾ ಚೌಕದಲ್ಲಿ ವಾಹನಗಳ ಓಡಾಟವನ್ನು ಚಿತ್ರಿಸುತ್ತಿದ್ದಾಗ ಕ್ಯಾಮರಾದಲ್ಲಿ ಫಿಲ್ಮು ಸಿಕ್ಕಿಕೊಂಡಿತಂತೆ. ಸರಿಪಡಿಸಿ ಮತ್ತೆ ಹಿಡಿಕೆ ತಿರುಗಿಸಲು ಒಂದು ನಿಮಿಷ ಹಿಡಿಯಿತು. ಆಮೇಲೆ ಪರದೆಯ ಮೇಲೆ ನೋಡಿದರೆ ಜನರನ್ನು ಹೊತ್ತ ಕುದುರೆಗಾಡಿಯೊಂದು ಇದ್ದಕ್ಕಿದ್ದಂತೆ ಹೆಣದ ಗಾಡಿಯಾಗಿತ್ತು, ಗಂಡಸರು ಹೆಂಗಸರಾಗಿದ್ದರು! ಇದು ನಡೆದದ್ದೇ, ಕಟ್ಟಿದ ಕಥೆಯೇ ಎಂದು ವಿದ್ವಾಂಸರು ಅನುಮಾನಿಸುತ್ತಾರೆ. ಜಾದೂಗಾರ ತನ್ನ ಕಥೆಯನ್ನೂ ಜಾದೂ ಮಾಡಿಯೇ ಹೇಳಿರಬಹುದು. ಆದರೆ ಕಥೆಯ ತಿರುಳು ನಿಜ: ಕ್ಯಾಮರಾ ನಿಂತ ಹೊತ್ತು ಪರದೆಯ ಮೇಲೆ ಕಾಣುವುದಿಲ್ಲ. ಆ ಕಾಣದ ಹೊತ್ತಿನಲ್ಲಿ ಏನು ಬೇಕಾದರೂ ಮಾಡಬಹುದು.

1896ರ ಒಂದು ಚಿತ್ರ ನೋಡಿ. ಕುರ್ಚಿಯ ಮೇಲೆ ಹೆಂಗಸೊಬ್ಬಳು ಕೂತಿದ್ದಾಳೆ. ಮೆಲಿಯೆಸ್ ಆಕೆಯ ಮೇಲೆ ಬಟ್ಟೆ ಹೊದಿಸಿ ತೆಗೆಯುತ್ತಾನೆ. ಹೆಂಗಸು ಮಾಯ. ಇನ್ನೊಮ್ಮೆ ಕೈ ಬೀಸಿದರೆ ಕುರ್ಚಿಯ ಮೇಲೆ ಅಸ್ಥಿಪಂಜರ! ರಂಗದ ಮೇಲೆ ಇಂಥ ಆಟಕ್ಕೆ ನೆಲದಲ್ಲಿ ಕಳ್ಳಬಾಗಿಲು ಬೇಕು. ಸಿನೆಮಾದಲ್ಲಿ ಅದು ಬೇಡ. ಹಿಡಿಕೆ ತಿರುಗಿಸುವುದನ್ನು ನಿಲ್ಲಿಸಬೇಕು, ಉಳಿದವರೆಲ್ಲ ಇದ್ದ ಭಂಗಿಯಲ್ಲಿಯೇ ಕಲ್ಲಿನಂತೆ ನಿಲ್ಲಬೇಕು, ಬೇಕಾದ ಬದಲಾವಣೆ ಮಾಡಬೇಕು, ಮತ್ತೆ ತಿರುಗಿಸಬೇಕು. ಹೇಳಲು ಸುಲಭ. ಕೈಯೊಂದು ಬೆರಳಗಲ ಸರಿದರೂ ಪರದೆಯ ಮೇಲೆ ಗುಟ್ಟು ರಟ್ಟಾಗುತ್ತದೆ. ಅದಕ್ಕಾಗಿ ಆತ ಆಮೇಲೆ ಫಿಲ್ಮನ್ನು ಕತ್ತರಿಸಿ, ಹೊಂದುವ ಚೌಕಕ್ಕೆ ಚೌಕ ಅಂಟಿಸುತ್ತಿದ್ದ. ಸೆಕೆಂಡಿಗೆ ಸುಮಾರು 16 ಚೌಕಗಳು ಓಡುವ ಕಾಲ. ಒಂದು ಚೌಕ ಹೆಚ್ಚುಕಡಿಮೆಯಾದರೂ ಕಣ್ಣು ಎಡವುತ್ತದೆ. ಕ್ಯಾಮರಾದ ಚಮತ್ಕಾರ ಎಂದು ನಾವು ಅಂದುಕೊಂಡದ್ದರ ಹಿಂದೆ ಕತ್ತರಿ-ಅಂಟಿನ ಈ ತಾಳ್ಮೆ ಇತ್ತು.

ಇನ್ನೊಂದು ಉಪಾಯ, ಒಂದೇ ಫಿಲ್ಮಿನ ಮೇಲೆ ಎರಡು-ಮೂರು ಬಾರಿ ಚಿತ್ರ ಮೂಡಿಸುವುದು. ಹಿಂದೆ ಕಪ್ಪು ಬಟ್ಟೆ ಕಟ್ಟಿದರೆ ಫಿಲ್ಮಿನ ಆ ಭಾಗಕ್ಕೆ ಬೆಳಕು ತಾಕುವುದಿಲ್ಲ. ಫಿಲ್ಮನ್ನು ಹಿಂದಕ್ಕೆ ಸುತ್ತಿ, ಆ ಖಾಲಿ ಜಾಗದಲ್ಲಿ ಮತ್ತೊಂದು ಆಕೃತಿ ಮೂಡಿಸಬಹುದು. 1898ರ ಚಿತ್ರವೊಂದರಲ್ಲಿ ಆತ ತನ್ನ ತಲೆಯನ್ನೇ ಕಿತ್ತು ಮೇಜಿನ ಮೇಲಿಡುತ್ತಾನೆ, ಮತ್ತೆ ತಲೆ ಬರುತ್ತದೆ. ಕೊನೆಗೆ ಆ ತಲೆಗಳು ಕೂಡಿ ಹಾಡುತ್ತವೆ. 1900ರ ಚಿತ್ರದಲ್ಲಿ ಏಳು ಜನರ ವಾದ್ಯಮೇಳ, ಏಳೂ ಜನ ಮೆಲಿಯೆಸ್ ಒಬ್ಬನೇ. ಪ್ರತಿ ಸಲವೂ ಹಿಂದಿನ ಸಲ ತಾನು ಯಾವ ಎಣಿಕೆಗೆ ಎತ್ತ ತಿರುಗಿದ್ದೆ, ಯಾರನ್ನು ನೋಡಿ ನಕ್ಕಿದ್ದೆ ಎಂಬುದನ್ನು ನೆನಪಿಟ್ಟು ನಟಿಸಬೇಕು. ತಾಳ ತಪ್ಪಿದರೆ ಮೊದಲಿನಿಂದ ಶುರು.

ಸಂಗೀತದ ಊರಾದ ಗದಗಿನವರಿಗೆ 1903ರ ಒಂದು ಕಿರುಚಿತ್ರ ವಿಶೇಷವಾಗಿ ಹಿಡಿಸೀತು. ಅಲ್ಲೊಬ್ಬ ಸಂಗೀತದ ಮೇಷ್ಟ್ರು. ತಲೆಯ ಮೇಲೆ ಐದು ತಂತಿಯ ಟೆಲಿಗ್ರಾಫ್ ಸಾಲು. ಪಾಶ್ಚಾತ್ಯ ಸ್ವರಲಿಪಿಗೂ ಐದೇ ಗೆರೆ. ಮೇಷ್ಟ್ರು ತನ್ನ ತಲೆಯನ್ನು ಕಿತ್ತು ಕಿತ್ತು ತಂತಿಗಳ ಮೇಲೆ ಎಸೆಯುತ್ತಾನೆ. ಎಸೆದ ತಲೆಗಳು ಸ್ವರಗಳಾಗಿ ನಿಂತು ಒಂದು ಧಾಟಿಯನ್ನೇ ಬರೆದುಬಿಡುತ್ತವೆ. ಮೂಕಿ ಚಿತ್ರದಲ್ಲಿ ಸಂಗೀತವನ್ನು ಕಣ್ಣಿಗೆ ತೋರಿಸಿದ ಈ ಜಾಣತನಕ್ಕೆ ಇಂದಿಗೂ ನಗು ಬರುತ್ತದೆ, ಜೊತೆಗೆ ಗೌರವವೂ.

ಗಾಜಿನ ಮನೆಯಲ್ಲಿ ಚಂದ್ರಲೋಕ

1897ರಲ್ಲಿ ಮೆಲಿಯೆಸ್ ಪ್ಯಾರಿಸಿನ ಹೊರಗೆ ಮೋಂತ್ರಯ್ ಎಂಬಲ್ಲಿ ಗೋಡೆ-ಛಾವಣಿಗಳಿಗೆ ಗಾಜು ಹಾಕಿದ ಸ್ಟುಡಿಯೋ ಕಟ್ಟಿಸಿದ. ವಿದ್ಯುದ್ದೀಪ ಸಾಲದ ಕಾಲ, ಸೂರ್ಯನೇ ದೀಪ. ರಂಗದ ಅಳತೆ ಮಾತ್ರ ಆತನ ಜಾದೂ ಥೇಟರಿನದೇ. ಕ್ಯಾಮರಾ ಅಲುಗದೆ ಒಂದೇ ಕಡೆ ನಿಲ್ಲುತ್ತಿತ್ತು, ಮುಂದಿನ ಸಾಲಿನ ನಡುವಿನ ಕುರ್ಚಿಯಲ್ಲಿ ಕೂತ ಪ್ರೇಕ್ಷಕನ ಹಾಗೆ. ಪರದೆಗಳನ್ನು ಕಪ್ಪು, ಬಿಳಿ, ಬೂದು ಛಾಯೆಗಳಲ್ಲಿಯೇ ಬರೆಸುತ್ತಿದ್ದ. ಆಗಿನ ಫಿಲ್ಮಿಗೆ ಕೆಂಪು ಬಣ್ಣ ಕಪ್ಪಾಗಿ ಕಾಣುತ್ತಿದ್ದುದರಿಂದ ಬಣ್ಣದ ಪರದೆ ಮೋಸ ಮಾಡುತ್ತಿತ್ತು.

ಇಲ್ಲಿಯೇ 1902ರಲ್ಲಿ ‘ಚಂದ್ರಲೋಕಕ್ಕೆ ಪಯಣ’ ತಯಾರಾಯಿತು. ಸುಮಾರು ಕಾಲು ಗಂಟೆಯ ಚಿತ್ರ, 30 ದೃಶ್ಯಗಳು. ಚೂಪು ಟೊಪ್ಪಿಗೆಯ ಪಂಡಿತರು ಸಭೆ ಸೇರಿ ಜಗಳವಾಡುತ್ತಾರೆ. ದೊಡ್ಡದೊಂದು ಗುಂಡಿನೊಳಗೆ ಕೂತು ತೋಪಿನಿಂದ ಆಕಾಶಕ್ಕೆ ಹಾರುತ್ತಾರೆ. ಚಂದ್ರನ ಮುಖ ಹತ್ತಿರ ಹತ್ತಿರ ಬರುತ್ತದೆ. ಗುಂಡು ಹೋಗಿ ಚಂದ್ರನ ಕಣ್ಣಿಗೆ ನಾಟುತ್ತದೆ. ಈ ಒಂದು ಚಿತ್ರವನ್ನು ಸಿನೆಮಾ ಗೊತ್ತಿಲ್ಲದವರೂ ಎಲ್ಲಾದರೂ ಕಂಡಿರುತ್ತಾರೆ. ಚಂದ್ರನವರನ್ನು ಕೊಡೆಯಿಂದ ಹೊಡೆದರೆ ಹೊಗೆಯಾಗಿ ಹೋಗುತ್ತಾರೆ. ಆ ಚಂದ್ರವಾಸಿಗಳಾಗಿ ಕುಣಿದವರು ಪ್ಯಾರಿಸಿನ ಪ್ರದರ್ಶನಗಳಲ್ಲಿ ದೊಂಬರಾಟದಂಥ ಆಟ ಆಡುತ್ತಿದ್ದವರು.

ಒಂದು ಸೂಕ್ಷ್ಮವನ್ನು ಗಮನಿಸಬೇಕು. ಗುಂಡು ಚಂದ್ರನ ಕಣ್ಣಿಗೆ ನಾಟಿದ್ದನ್ನು ತೋರಿಸಿದ ಮೇಲೆ, ಅದು ಚಂದ್ರನ ನೆಲದ ಮೇಲೆ ಇಳಿದದ್ದನ್ನು ಮತ್ತೊಮ್ಮೆ ತೋರಿಸುತ್ತಾನೆ. ಒಂದೇ ಘಟನೆ ಎರಡು ಬಾರಿ. ಇಂದಿನ ನಿರ್ದೇಶಕ ಹೀಗೆ ಮಾಡುವುದಿಲ್ಲ. ಆದರೆ ಇದು ಹರಿಕಥೆ ಕೇಳಿದವರಿಗೆ ಹೊಸದಲ್ಲ. ದಾಸರು ಹನುಮಂತ ಲಂಕೆಗೆ ಹಾರಿದ್ದನ್ನು ಒಮ್ಮೆ ಕಪಿಗಳ ಕಣ್ಣಿನಿಂದ ಹೇಳಿ, ಮತ್ತೆ ಲಂಕೆಯ ಕಡೆಯಿಂದ ಹೇಳಿದರೆ ಯಾರೂ ತಪ್ಪೆನ್ನುವುದಿಲ್ಲ. ಮೆಲಿಯೆಸ್‌ಗೆ ಬೇಕಾಗಿದ್ದುದು ಬೆರಗು; ಘಟನೆಗಳ ಬಿಗಿಯಾದ ಸರಣಿ ಆಮೇಲೆ ಬಂದವರು ಕಂಡುಕೊಂಡದ್ದು. ಇದು ಆತನ ಶಕ್ತಿ, ಮುಂದೆ ಆತನ ಮಿತಿಯೂ ಆಯಿತು.

ಕೆಲವು ಪ್ರತಿಗಳಿಗೆ ಬಣ್ಣವನ್ನೂ ಹಾಕಿಸುತ್ತಿದ್ದ. ಪ್ಯಾರಿಸಿನಲ್ಲಿ ಎಲಿಜಬೆತ್ ತುಯಿಲಿಯೇ ಎಂಬಾಕೆಯ ಕಾರ್ಯಾಗಾರದಲ್ಲಿ ಇನ್ನೂರಕ್ಕೂ ಹೆಚ್ಚು ಹೆಂಗಸರು ಈ ಕೆಲಸ ಮಾಡುತ್ತಿದ್ದರು. ಹೆಬ್ಬೆರಳಗಲದ ಚೌಕದೊಳಗೆ ಕುಂಚದಿಂದ ಬಣ್ಣ ತುಂಬಬೇಕು. ಒಬ್ಬಳದು ಒಂದೇ ಬಣ್ಣ. ಒಬ್ಬಳು ಮುಗಿಸಿದ ಮೇಲೆ ಇನ್ನೊಬ್ಬಳ ಬಣ್ಣ. ಕಾಲು ಗಂಟೆಯ ಚಿತ್ರದಲ್ಲಿ ಇಂಥ ಚೌಕಗಳು 13,000ಕ್ಕೂ ಹೆಚ್ಚು. ಬೆಟಗೇರಿಯ ಮಗ್ಗದ ಮುಂದೆ ಕೂತು ಎಳೆ ಎಳೆಯ ಲೆಕ್ಕ ಹಿಡಿಯುವವರಿಗೆ ಈ ದುಡಿಮೆಯ ತೂಕ ಬೇರೆ ಯಾರಿಗಿಂತ ಚೆನ್ನಾಗಿ ತಿಳಿಯುತ್ತದೆ. ಸೀರೆ ಉಟ್ಟವರು ನೇಯ್ದವರ ಹೆಸರು ಕೇಳುವುದಿಲ್ಲ. ಬಣ್ಣದ ಚಂದ್ರನನ್ನು ಕಂಡವರೂ ಆ ಹೆಂಗಸರ ಹೆಸರು ಕೇಳಲಿಲ್ಲ.

ಬೂದಿಯಾದ ನೆಗೆಟಿವ್

‘ಚಂದ್ರಲೋಕಕ್ಕೆ ಪಯಣ’ ದೊಡ್ಡ ಜಯ ಗಳಿಸಿತು. ಆದರೆ ಅಮೆರಿಕದಲ್ಲಿ ಅದರ ಕಳ್ಳ ಪ್ರತಿಗಳು ಹುಟ್ಟಿಕೊಂಡು ಬೇರೆಯವರ ಗಲ್ಲೆ ತುಂಬಿಸಿದವು. ಮೆಲಿಯೆಸ್ ತನ್ನ ಅಣ್ಣ ಗಾಸ್ತೋನ್‌ನನ್ನು ನ್ಯೂಯಾರ್ಕಿಗೆ ಕಳಿಸಿ ಅಲ್ಲಿ ಕಚೇರಿ ತೆರೆಸಿದ. ಒಂದೇ ದೃಶ್ಯವನ್ನು ಎರಡು ಮಸೂರದ ಕ್ಯಾಮರಾದಿಂದ ಏಕಕಾಲಕ್ಕೆ ತೆಗೆದು ಎರಡು ನೆಗೆಟಿವ್ ಮಾಡತೊಡಗಿದ. ಒಂದು ಮನೆಯಲ್ಲಿ, ಒಂದು ಅಮೆರಿಕದಲ್ಲಿ. ವ್ಯಾಪಾರಕ್ಕೆಂದು ಮಾಡಿದ ಈ ಏರ್ಪಾಡು ಮುಂದೆ ಬೇರೆಯದೇ ಉಪಕಾರ ಮಾಡಿತು.

ಸಿನೆಮಾ ಬರಬರುತ್ತ ದೊಡ್ಡ ಬಂಡವಾಳದ ದಂಧೆಯಾಯಿತು. ವಾರವಾರವೂ ಹೊಸ ಚಿತ್ರ ಹೊರತರುವ ಕಂಪನಿಗಳು ಎದ್ದವು. ಪರದೆಯನ್ನೂ ತಾನೇ ಬರೆದು ಪಾತ್ರವನ್ನೂ ತಾನೇ ಮಾಡುವ ಕೈಕಸುಬುದಾರ ಅವರೊಡನೆ ಓಡಲಾಗಲಿಲ್ಲ. ಪ್ರೇಕ್ಷಕರ ರುಚಿಯೂ ಬದಲಾಗಿತ್ತು. ಕ್ಯಾಮರಾ ಹತ್ತಿರ ಬಂದು ಮುಖ ತೋರಿಸಬೇಕು, ಕಥೆ ಬೇಗ ಓಡಬೇಕು. ಪಾಥೆ ಕಂಪನಿಯ ಸಾಲದಿಂದ ತೆಗೆದ ಕೊನೆಯ ಚಿತ್ರಗಳಲ್ಲಿ 1912ರ ‘ಧ್ರುವ ವಿಜಯ’ ದೊಡ್ಡದು. ಹಿಮದ ರಾಕ್ಷಸನೊಬ್ಬ ಅದರಲ್ಲಿ ಮನುಷ್ಯರನ್ನು ನುಂಗುತ್ತಾನೆ. ಅದೂ ಗೆಲ್ಲಲಿಲ್ಲ. 1913ರ ಹೊತ್ತಿಗೆ ಮೆಲಿಯೆಸ್‌ನ ಚಿತ್ರಜೀವನ ಮುಗಿಯಿತು. ಆ ವರ್ಷವೇ ಹೆಂಡತಿಯೂ ತೀರಿಕೊಂಡಳು. ಮರುವರ್ಷ ಮಹಾಯುದ್ಧ. ಯುದ್ಧಕಾಲದಲ್ಲಿ ಆತನ ಎಷ್ಟೋ ಪ್ರತಿಗಳನ್ನು ಕರಗಿಸಿ ಬೂಟಿನ ಹಿಮ್ಮಡಿಗೆ ಬಳಸಿದರೆಂದು ಹೇಳುವುದುಂಟು. ಬೂಟಿನ ದಂಧೆ ಬಿಟ್ಟು ಬಂದವನಿಗೆ ವಿಧಿ ಹೀಗೆ ಅಣಕಿಸಿತೇನೋ.

1923ರಲ್ಲಿ ಸಾಲ ತೀರಿಸಲು ಮೋಂತ್ರಯ್‌ನ ಆಸ್ತಿ ಮಾರಬೇಕಾಯಿತು. ರಸ್ತೆ ಮುಂದುವರಿಸಲೆಂದು ಜಾದೂ ಥೇಟರನ್ನೂ ಕೆಡವಿದರು. ಇಡಲು ಜಾಗವಿಲ್ಲದ ನೆಗೆಟಿವ್‌ಗಳನ್ನು ಮೆಲಿಯೆಸ್ ತಾನೇ ಬೆಂಕಿಗೆ ಹಾಕಿದ. ಆಗಿನ ಫಿಲ್ಮು ಕ್ಷಣದಲ್ಲಿ ಹೊತ್ತಿಕೊಳ್ಳುವ ನೈಟ್ರೇಟ್. ಹದಿನೇಳು ವರ್ಷದ ದುಡಿಮೆ ಉರಿದು ಹೋಯಿತು.

ಆಮೇಲೆ ಆತ ತನ್ನ ಹಳೆಯ ಚಿತ್ರಗಳ ನಟಿ ಝಾನ್ ದಾಲ್ಸಿಯನ್ನು ಮದುವೆಯಾಗಿ, ಪ್ಯಾರಿಸಿನ ಮೋಂಪಾರ್ನಾಸ್ ರೈಲು ನಿಲ್ದಾಣದಲ್ಲಿ ಆಟಿಗೆ ಸಾಮಾನು, ಮಿಠಾಯಿ ಮಾರುವ ಗೂಡಂಗಡಿಯಲ್ಲಿ ಕೂತ. ಬೆಳಿಗ್ಗೆಯಿಂದ ರಾತ್ರಿಯವರೆಗೆ ಅಂಗಡಿ, ರಜೆ ಇಲ್ಲ. ಎದುರಿಗೆ ಹಾದುಹೋಗುವ ಸಾವಿರಾರು ಜನರಿಗೆ ಈ ಮುದುಕ ಒಂದು ಕಾಲಕ್ಕೆ ಚಂದ್ರನಿಗೆ ದಾರಿ ತೋರಿಸಿದವನೆಂದು ಗೊತ್ತಿರಲಿಲ್ಲ.

ಹುಡುಕಿದವರ ಪುಣ್ಯ

1920ರ ದಶಕದ ಕೊನೆಗೆ ಲೇಓಂ ದ್ರುಓ ಎಂಬ ಸಿನೆಮಾ ಪತ್ರಿಕೆಯ ಸಂಪಾದಕ ಆತನನ್ನು ಗುರುತಿಸಿ ಬರೆದ. ಝಾಂ ಮೋಕ್ಲೇರ್ ಎಂಬ ಥೇಟರಿನ ಒಡೆಯ ಹಳೆಯ ಬಂಗಲೆಯೊಂದರ ಹಾಲಿನ ಕೋಣೆಯಲ್ಲಿ ಬಿದ್ದಿದ್ದ ಕೆಲವು ಪ್ರತಿಗಳನ್ನು ಪತ್ತೆಹಚ್ಚಿದ. 1929ರ ಡಿಸೆಂಬರ್ 16ರಂದು ಪ್ಯಾರಿಸಿನ ದೊಡ್ಡ ಸಭಾಂಗಣದಲ್ಲಿ ಮೆಲಿಯೆಸ್‌ನನ್ನು ಗೌರವಿಸಿ ಅವುಗಳನ್ನು ತೋರಿಸಿದರು. 1931ರಲ್ಲಿ ಫ್ರಾನ್ಸ್ ಸರಕಾರದ ಲೀಜನ್ ಆಫ್ ಆನರ್ ಗೌರವ ಬಂತು. ಅದನ್ನು ಆತನಿಗೆ ತೊಡಿಸಿದವರು ಲೂಯಿ ಲೂಮಿಯೇರ್. ಅಂದು ಯಂತ್ರ ಮಾರಲು ಒಪ್ಪದ ಮನೆಯವರೇ! 1932ರಿಂದ ಓರ್ಲಿಯಲ್ಲಿ ಸಿನೆಮಾದವರಿಗಾಗಿ ಇದ್ದ ವಿಶ್ರಾಂತಿಗೃಹದಲ್ಲಿ ಆಶ್ರಯ ಸಿಕ್ಕಿತು. 1938ರ ಜನವರಿ 21ರಂದು ಮೆಲಿಯೆಸ್ ತೀರಿಕೊಂಡ.

ಆತ ಮಾಡಿದ ಸುಮಾರು 520 ಚಿತ್ರಗಳಲ್ಲಿ ಇಂದು ಸಿಕ್ಕಿರುವವು 200ರ ಆಸುಪಾಸು. ಅಷ್ಟು ಸಿಗಲು ಮೊಮ್ಮಗಳು ಮದಲೇನ್ ಕಾರಣ. ಅಜ್ಜನ ಮಡಿಲಲ್ಲಿ ಬೆಳೆದ ಆಕೆ ದಶಕಗಟ್ಟಲೆ ದೇಶ ದೇಶಗಳಲ್ಲಿ ಹುಡುಕಾಡಿ ಚಿತ್ರಗಳನ್ನು ಕೂಡಿಸಿದಳು. 2018ರಲ್ಲಿ ತೀರಿಕೊಳ್ಳುವವರೆಗೂ ಅಜ್ಜನ ಹೆಸರನ್ನು ಕಾಪಾಡಿದಳು. ಅಮೆರಿಕಕ್ಕೆ ಹೋಗಿದ್ದ ಎರಡನೆಯ ನೆಗೆಟಿವ್‌ಗಳಲ್ಲಿ ಕೆಲವು ಅಲ್ಲಿ ಉಳಿದಿದ್ದವು. 1993ರಲ್ಲಿ ಸ್ಪೇನಿನ ಬಾರ್ಸಿಲೋನಾದಲ್ಲಿ ‘ಚಂದ್ರಲೋಕಕ್ಕೆ ಪಯಣ’ದ ಕೈಬಣ್ಣದ ಪ್ರತಿಯೊಂದು ಸಿಕ್ಕಿತು. ಗಟ್ಟಿಯಾಗಿ ಅಂಟಿಕೊಂಡಿದ್ದ ಆ ಸುರುಳಿಯನ್ನು ವರ್ಷಗಟ್ಟಲೆ ಬಿಡಿಸಿ ದುರಸ್ತಿ ಮಾಡಿ 2011ರ ಕಾನ್ ಚಿತ್ರೋತ್ಸವದಲ್ಲಿ ತೋರಿಸಿದರು. ಹೆಸರಿಲ್ಲದ ಆ ಹೆಂಗಸರ ಬಣ್ಣ 109 ವರ್ಷಗಳ ನಂತರ ಮತ್ತೆ ಬೆಳಗಿತು. ಅದೇ ವರ್ಷ ಮಾರ್ಟಿನ್ ಸ್ಕಾರ್ಸೆಸಿ ‘ಹ್ಯೂಗೋ’ ಚಿತ್ರದಲ್ಲಿ ಆ ಗೂಡಂಗಡಿಯ ಮುದುಕನ ಕಥೆ ಹೇಳಿದ.

ಕಣ್ಕಟ್ಟು ನಮ್ಮ ದಾರಿಗೆ ಬಂದದ್ದು

ಈ ಕಲೆ ನಮ್ಮ ಕಡೆಗೂ ಬಂತು. ದಾದಾಸಾಹೇಬ್ ಫಾಲ್ಕೆಯವರು 1913ರಲ್ಲಿ ‘ರಾಜಾ ಹರಿಶ್ಚಂದ್ರ’ ತೆಗೆಯುವ ಮೊದಲು ಚಿತ್ರಕಲೆ, ಫೋಟೋ, ಮುದ್ರಣಗಳ ಜೊತೆಗೆ ಜಾದೂವಿದ್ಯೆಯನ್ನೂ ಕಲಿತವರು. ತಮ್ಮ ಹೆಸರನ್ನು ತಿರುವುಮುರುವು ಮಾಡಿ ‘ಪ್ರೊಫೆಸರ್ ಕೇಲ್ಫಾ’ ಎಂದು ಜಾದೂ ಪ್ರದರ್ಶನ ಕೊಟ್ಟವರು. 1917ರ ‘ಲಂಕಾದಹನ’, 1919ರ ‘ಕಾಳಿಯ ಮರ್ದನ’ಗಳಲ್ಲಿ ಕಂಡ ಪವಾಡಗಳ ಹಿಂದೆ ಕ್ಯಾಮರಾ ನಿಲ್ಲಿಸಿ ನಡೆಸುವ ಅದೇ ಕೈಚಳಕವಿದೆ. ಆದರೆ ಭಾವ ಬೇರೆ. ಮೆಲಿಯೆಸ್‌ನ ಮಾಯೆ ನಗಿಸುತ್ತದೆ. ಫಾಲ್ಕೆಯವರ ಮಾಯೆಯ ಮುಂದೆ ನಮ್ಮ ಜನ ಕೈಮುಗಿದರು.

ಅಲ್ಲಿಂದ ಮುಂದಿನ ಕೊಂಡಿ ಕೊಲ್ಹಾಪುರದ ಬಾಬೂರಾವ್ ಪೇಂಟರ್. ನಾಟಕ ಕಂಪನಿಗಳಿಗೆ ಪರದೆ ಬರೆಯುತ್ತಿದ್ದ ಇವರು ಸ್ವತಃ ಕ್ಯಾಮರಾ ಕಟ್ಟಿ, 1920ರಲ್ಲಿ ‘ಸೈರಂಧ್ರಿ’ ತೆಗೆದರು. ಅದರಲ್ಲಿನ ಕೀಚಕವಧೆಯ ದೃಶ್ಯ ಎಷ್ಟು ನಿಜವೆನಿಸಿತೆಂದರೆ ಅದನ್ನು ಕತ್ತರಿಸಬೇಕಾಯಿತು ಎಂಬುದು ಪ್ರಸಿದ್ಧ. ಅವರ ಬಳಿ ಕೆಲಸ ಕಲಿತ ವಿ. ಶಾಂತಾರಾಮ್ ಹುಡುಗನಾಗಿದ್ದಾಗ ಇದ್ದದ್ದು ನಮ್ಮ ಹುಬ್ಬಳ್ಳಿಯಲ್ಲಿ. ಅಲ್ಲಿನ ರೈಲ್ವೆ ಕಾರಖಾನೆಯಲ್ಲಿ ದುಡಿದು, ತಗಡಿನ ಸಿನೆಮಾ ಥೇಟರಿನಲ್ಲಿ ಸಣ್ಣಪುಟ್ಟ ಕೆಲಸ ಮಾಡುತ್ತ ಮೂಕಿ ಚಿತ್ರಗಳನ್ನು ನೋಡಿದವರು ಅವರು. ಗದಗಿನಿಂದ ಹುಬ್ಬಳ್ಳಿ ರೈಲಿನಲ್ಲಿ ಎಷ್ಟು ದೂರ? ಆಗ ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೂ, ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೂ ಸೇರಿದ್ದವು. ನಾಟಕ, ಪರದೆ, ಪೇಟಿಮಾಸ್ತರರು ಎಲ್ಲರೂ ಈ ದಾರಿಯಲ್ಲಿ ಬರುತ್ತಿದ್ದರು, ಹೋಗುತ್ತಿದ್ದರು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ಚಿತ್ರಣಗೊಂಡದ್ದೂ ಕೊಲ್ಹಾಪುರದಲ್ಲಿಯೇ. ಅದರಲ್ಲಿ ನಟಿಸಿದ ಸುಬ್ಬಯ್ಯನಾಯ್ಡು, ಆರ್. ನಾಗೇಂದ್ರರಾಯರು ನಾಟಕ ಕಂಪನಿಯಿಂದ ಬಂದವರೇ.

ಇನ್ನು ನಮ್ಮ ಸರದಿ

1934ರ ಮಾರ್ಚ್ 3ರಂದು ಬಿಡುಗಡೆಯಾದ ಆ ‘ಸತಿ ಸುಲೋಚನಾ’ ಇಂದು ಎಲ್ಲಿದೆ? ಒಂದು ಪ್ರತಿಯೂ ಉಳಿದಿಲ್ಲ. ಕೈಲಾಸಂ ಮತ್ತು ಕಮಲಾದೇವಿ ಚಟ್ಟೋಪಾಧ್ಯಾಯರು ನಟಿಸಿದ್ದ ಮೂಕಿ ಚಿತ್ರ ‘ಮೃಚ್ಛಕಟಿಕ’ವೂ ನೋಡಲು ಸಿಗುವುದಿಲ್ಲ. ಭಾರತದಲ್ಲಿ ಸಾವಿರಕ್ಕೂ ಹೆಚ್ಚು ಮೂಕಿ ಚಿತ್ರಗಳು ತಯಾರಾದವು, ಉಳಿದವು ಬೆರಳೆಣಿಕೆಯವು. ಫಾಲ್ಕೆಯವರ ‘ಕಾಳಿಯ ಮರ್ದನ’ವನ್ನು ನಾವು ನೋಡುವಂತಾದದ್ದು, 1964ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವನ್ನು ಬೆಳೆಸಿದ ಪಿ.ಕೆ. ನಾಯರ್ ಅವರು ಫಾಲ್ಕೆ ಮನೆತನದವರಲ್ಲಿ ಉಳಿದಿದ್ದ ತುಣುಕುಗಳನ್ನು ತಂದು ಜೋಡಿಸಿದ್ದರಿಂದ. ಅಲ್ಲಿಯೂ ಒಬ್ಬ ಹುಡುಕುವವರು ಬೇಕಾದರು.

ಹೋದ ಚಿತ್ರಗಳನ್ನು ತರುವುದು ನಮ್ಮ ಕೈಯಲ್ಲಿಲ್ಲ. ಆದರೆ ಕಂಪನಿ ನಾಟಕಗಳು ಬಿಟ್ಟುಹೋದದ್ದು ಇನ್ನೂ ಪೂರ್ತಿ ಹೋಗಿಲ್ಲ. ಬಣ್ಣದ ಪರದೆ, ನಾಟಕದ ಹ್ಯಾಂಡ್‌ಬಿಲ್ಲು, ಕೈಬರಹದ ಪ್ರತಿ, ಪಾತ್ರಧಾರಿಗಳ ಫೋಟೋ, ಕಿರೀಟ-ಭುಜಕೀರ್ತಿ ಇವು ಎಷ್ಟೋ ಮನೆಗಳ ಅಟ್ಟದ ಮೇಲೆ, ಟ್ರಂಕಿನ ತಳದಲ್ಲಿ ಬಿದ್ದಿರುತ್ತವೆ. ಮನೆ ಕಟ್ಟಿಸುವಾಗ, ಸುಣ್ಣ ಹಚ್ಚುವಾಗ, ಪಾಲಾಗುವಾಗ ಇವು ರದ್ದಿಗೆ ಹೋಗುತ್ತವೆ. ಮೆಲಿಯೆಸ್‌ನ ಬೆಂಕಿಗೂ ಜಾಗವಿಲ್ಲ ಎಂಬುದೇ ಕಾರಣವಾಗಿತ್ತು ಎಂಬುದನ್ನು ಮರೆಯಬೇಡಿ.

ಹಾಗಾದರೆ ಏನು ಮಾಡಬಹುದು? ಹಳೆಯ ಫೋಟೋ ಸಿಕ್ಕರೆ ಮನೆಯ ಹಿರಿಯರನ್ನು ಕೇಳಿ, ಯಾರು, ಯಾವ ನಾಟಕ, ಯಾವ ಊರು ಎಂದು ಹಿಂಬದಿಗೆ ಪೆನ್ಸಿಲಿನಿಂದ ಮೆತ್ತಗೆ ಬರೆದಿಡಿ. ಕಾಗದಗಳನ್ನು ತೇವ ತಾಕದ ಕಡೆ ಇಡಿ. ಪರದೆಯನ್ನು ಮಡಿಚಿ ಇಟ್ಟರೆ ಮಡಿಕೆಯಲ್ಲಿ ಬಣ್ಣ ಉದುರುತ್ತದೆ, ಸುತ್ತಿ ಇಡಿ. ಮೊಬೈಲಿನಲ್ಲಿ ಚಿತ್ರ ತೆಗೆದು ಒಂದಲ್ಲ, ಎರಡು ಕಡೆ ಉಳಿಸಿ; ಎರಡನೆಯ ನೆಗೆಟಿವ್‌ನ ಪಾಠ ಇದೇ. ನಿಮ್ಮ ಊರಿನ ಕಾಲೇಜಿಗೆ, ಗ್ರಂಥಾಲಯಕ್ಕೆ ಒಂದು ಪ್ರತಿ ಕೊಡಿ. ಎಲ್ಲಕ್ಕಿಂತ ಮೊದಲು, ಪರದೆ ಎಳೆದವರು, ಬಣ್ಣ ಹಚ್ಚಿದವರು, ದೀಪ ಹಿಡಿದವರು ಇನ್ನೂ ನಮ್ಮ ನಡುವೆ ಇದ್ದರೆ ಅವರನ್ನು ಮಾತನಾಡಿಸಿ, ಅವರ ಮಾತನ್ನು ಧ್ವನಿಮುದ್ರಿಸಿಕೊಳ್ಳಿ. ನಾಯಕ ನಟರ ಹೆಸರು ಹೇಗೋ ಉಳಿಯುತ್ತದೆ. ಟ್ರಾನ್ಸ್‌ಫರ್ ಸೀನಿನ ಹಗ್ಗ ಹಿಡಿದವರ ಹೆಸರು ನಾವು ಬರೆದಿಟ್ಟರೆ ಮಾತ್ರ ಉಳಿಯುತ್ತದೆ.

ಮೆಲಿಯೆಸ್ ತನ್ನ ಚಿತ್ರಗಳನ್ನು ಕಳೆದುಕೊಂಡರೂ ಕೊನೆಗಾಲದಲ್ಲಿ ಗೌರವ ಕಂಡ. ನಮ್ಮ ಎಷ್ಟೋ ಜಾದೂಗಾರರಿಗೆ ಅದೂ ಸಿಗಲಿಲ್ಲ. ಅವರ ಪರದೆಯ ಒಂದು ಚೂರಾದರೂ ನಮ್ಮ ಮಕ್ಕಳು ನೋಡುವಂತಾಗಲಿ ಎಂದು ಹಾರೈಸುತ್ತ ನನ್ನ ಮಾತು ಮುಗಿಸುತ್ತೇನೆ.